ಸ್ಕ್ರ್ಯಾಪ್ ಬುಕ್ ವಿಲೇವಾರಿ

ಸರ್ಕಾರಿ ಕಟ್ಟಡದೊಳಗೆ ಸ್ಕ್ರ್ಯಾಪ್ ಇಟ್ಟುಕೊಳ್ಳುವುದು ನಿಯಮಬಾಹಿರ. ದಾಬಸ್‌ಪೇಟೆಯ ಹತ್ತಿರವಿರುವ ನಮ್ಮ ಮಹಿಳಾ ಕಾಲೇಜು ಈ ತಪ್ಪನ್ನು ತಿಳಿಯದೆ ಮಾಡುತ್ತಿತ್ತು ಎಂಬುದನ್ನು, ಕಾಲೇಜಿನ ದಾಖಲೆ ಸಂಗ್ರಹಾಲಯದ ಸಂಚಾಲಕಿಯಾದ ನಾನು ವಿಷಾದದಿಂದ ನಮೂದಿಸುತ್ತೇನೆ.

ಸಂಗ್ರಹಾಲಯವೆಂದರೆ ಒಂದು ಕೋಣೆ. ನಮ್ಮಲ್ಲಿ ಓದಿಹೋದ ಹೆಂಗಸರು ತಮ್ಮ ಪತ್ರ, ಡೈರಿ, ಫೋಟೊಗಳನ್ನು ಅಲ್ಲಿಗೆ ತಂದುಕೊಟ್ಟಿದ್ದರು. ಬಸ್ ಟಿಕೆಟ್ಟು, ಪತ್ರಿಕೆಯ ತುಣುಕು, ಲಗ್ನಪತ್ರಿಕೆಯ ಮೂಲೆ, ಗೆಳತಿಯರ ಹಸ್ತಾಕ್ಷರ ಎಲ್ಲವನ್ನೂ ಅಂಟಿಸಿದ ಪುಸ್ತಕಗಳಿಗೆ ಬೇರೆಯೇ ಒಂದು ಬೀರು ಇತ್ತು. ಅದರ ಮೇಲೆ ‘ಸ್ಕ್ರ್ಯಾಪ್ ಬುಕ್’ ಎಂದು ದುಂಡಗೆ ಬರೆಸಿದ್ದೆವು.

ದಾಸ್ತಾನು ಪರಿಶೀಲನೆಗೆ ಬಂದ ಅಧಿಕಾರಿ ಮನೋಹರ್ ಆ ಬೀರುವಿನ ಮುಂದೆ ನಿಂತು ಕನ್ನಡಕ ಏರಿಸಿದರು.

“ಇಷ್ಟೊಂದು ಸ್ಕ್ರ್ಯಾಪ್ ಇಟ್ಕೊಂಡು ವಿಲೇವಾರಿ ಮಾಡಿಲ್ವಲ್ಲ ಮೇಡಂ?”

“ಸರ್, ಇದು ಸ್ಕ್ರ್ಯಾಪ್ ಅಲ್ಲ, ಸ್ಕ್ರ್ಯಾಪ್ ಬುಕ್ಕು.”

“ಕಬ್ಬಿಣದ ಸ್ಕ್ರ್ಯಾಪ್, ಪ್ಲಾಸ್ಟಿಕ್ ಸ್ಕ್ರ್ಯಾಪ್, ಬುಕ್ ಸ್ಕ್ರ್ಯಾಪ್. ನೀವು ಪದ ಹಿಂದುಮುಂದು ಬರ್ಸಿದ್ದೀರ. ಅದನ್ನೂ ತಿದ್ದಿಸಿ.”

ತಿದ್ದಿಸಿದೆವು. ಪ್ರಾಂಶುಪಾಲ ಹನುಮಂತರಾಯಪ್ಪನವರು ಟೆಂಡರ್ ಪ್ರಕಟಣೆ ಹೊರಡಿಸಿದರು: “ಹಳೆಯ ವಿದ್ಯಾರ್ಥಿನಿಯರ ನೆನಪುಗಳು, ಇದ್ದಲ್ಲಿ ಇದ್ದ ಹಾಗೆ, ಬೀರು ಸಮೇತ ವಿಲೇವಾರಿಗೆ ಲಭ್ಯ. ನೆನಪುಗಳು ಒದ್ದೆಯಾಗಿದ್ದಲ್ಲಿ ತೂಕದಲ್ಲಿ ಕಡಿತವಿಲ್ಲ.”

ದಾಬಸ್‌ಪೇಟೆಯಲ್ಲಿ ಸ್ಕ್ರ್ಯಾಪ್ ಎಂಬ ಮಾತು ಕಿವಿಗೆ ಬಿದ್ದರೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಕಾರ್ಖಾನೆಯ ಸ್ಕ್ರ್ಯಾಪು ಯಾರ ಕೈಸೇರುತ್ತದೋ ಅವರೇ ಇಲ್ಲಿ ಮುಂದಿನ ನಾಯಕರು. ಕಾಲೇಜಿನ ಗೇಟಿಗೆ ಎರಡು ಬಣಗಳ ಬಿಳಿ ಗಾಡಿಗಳು ಬಂದು ನಿಂತವು. ಪೊಲೀಸ್ ಬಂದೋಬಸ್ತಿನಲ್ಲಿ ಟೆಂಡರ್ ತೆರೆದೆವು. ಗುಜರಿ ವ್ಯಾಪಾರಿ ಬೈರೇಶ್ ಗೆದ್ದರು. ಸಂಜೆಯೊಳಗೆ ಫ್ಲೆಕ್ಸ್ ಎದ್ದಿತು: “ಮಹಿಳೆಯರ ನೆನಪುಗಳ ಕಾಂಟ್ರ್ಯಾಕ್ಟ್ ಪಡೆದ ಯುವನಾಯಕರಿಗೆ ಹಾರ್ದಿಕ ಅಭಿನಂದನೆಗಳು.”

ಬೀರು ಲಾರಿ ಹತ್ತಿದ ಮರುದಿನ ನಿವೃತ್ತ ಶಿಕ್ಷಕಿ ನೂರುನ್ನೀಸಾ ಏದುಸಿರು ಬಿಡುತ್ತಾ ಪ್ರಾಂಶುಪಾಲರ ಕೊಠಡಿಗೆ ಬಂದರು. ಅವರ ಪುಸ್ತಕವೂ ಅದರೊಳಗಿತ್ತು. ಓದುವಾಗಿನ ಗೆಳತಿ ಗಂಗಲಕ್ಷ್ಮಮ್ಮ ಪುಟಪುಟಕ್ಕೂ ಗೀಚಿದ ತಲೆಹರಟೆ ಅದರಲ್ಲಿತ್ತು. ಗಂಗಲಕ್ಷ್ಮಮ್ಮ ಹೋದ ವರ್ಷ ತೀರಿಕೊಂಡಿದ್ದರು.

“ಅವಳ ಕೈಬರಹ ಉಳಿದಿರೋದು ಅದೊಂದ್ರಲ್ಲೇ ಸಾರ್. ಮನೇಲಿಟ್ರೆ ಸೊಸೆ ಫರ್ಹಾ ಗುಜರಿಗೆ ಹಾಕ್ಬಿಡ್ತಾಳೆ ಅಂತ್ಲೇ ನಿಮ್ಮ ಕೈಗೆ ಕೊಟ್ಟೆ!”

“ನಿಮ್ಮ ಸೊಸೆ ಆಗಿದ್ರೆ ಸುಮ್ನೆ ಹಾಕ್ಬಿಡ್ತಿದ್ರು ಅಮ್ಮ,” ಎಂದು ಪ್ರಾಂಶುಪಾಲರು ಸಮಾಧಾನ ಹೇಳಿದರು. “ನಾವು ಟೆಂಡರ್ ಕರೆದು ಹಾಕಿದ್ದೀವಿ.”

ನನಗೆ ನಾಚಿಕೆಯಾಯಿತು. ನಾಚಿಕೆಯಿಂದ ಟೆಂಡರ್ ರದ್ದಾಗುವುದಿಲ್ಲವಾದ್ದರಿಂದ ನಾನೂ ನೂರುನ್ನೀಸಾ ಅವರೂ ಆಟೊ ಹಿಡಿದು ಬೈರೇಶರ ಗೋಡೌನಿಗೆ ಹೋದೆವು.

ತುಕ್ಕು ಹಿಡಿದ ಕಬ್ಬಿಣದ ರಾಶಿಗಳ ಮಧ್ಯೆ ಬೀರು ನಿಂತಿತ್ತು, ಮೇಲೊಂದು ಸೇವಂತಿಗೆ ಹಾರ.

“ಮಾರಿಲ್ವಾ?” ಎಂದೆ.

“ಮಾರೋದಾ? ಇದು ಕಾಣ್ಲಿಲ್ಲ ಅಂದ್ರೆ ಆ ಬಣದೋರು ನಾನು ಗೆದ್ದಿದ್ದೇ ಸುಳ್ಳು ಅಂತಾರೆ ಮೇಡಂ. ನೋಡ್ಕೊಳ್ಳಿ ಅಮ್ಮ, ಇಲ್ಲಿ ಅರ್ಜಿ ಗಿರ್ಜಿ ಏನಿಲ್ಲ.” ಬೈರೇಶ್ ಕುರ್ಚಿ ಹಾಕಿ ಟೀ ತರಿಸಿದರು.

ನೂರುನ್ನೀಸಾ ಪುಸ್ತಕ ತೆರೆದರು. ‘ನೂರೂ, ನೀನು ಲೆಕ್ಕದಲ್ಲಿ ಫೇಲಾದ್ರೆ ನಾನೂ ಆಗ್ತೀನಿ, ಒಬ್ಬಳನ್ನೇ ಬಿಡಲ್ಲ’ ಎಂದು ಮೊದಲ ಪುಟದಲ್ಲೇ ಇತ್ತು. ಆಕೆ ನಕ್ಕರು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಸುದ್ದಿ ಹರಡಿ ಉಳಿದ ಹೆಂಗಸರೂ ಬರತೊಡಗಿದರು. ಅಷ್ಟರಲ್ಲಿ ಕಾಲೇಜಿಗೆ ದರ್ಜೆ ಕೊಡುವ ತಂಡ ಬಂದು ಸಂಗ್ರಹಾಲಯ ತೋರಿಸಿ ಎಂದಿತು. ಗೋಡೌನಿಗೆ ಕರೆದೊಯ್ದೆವು. ‘ಜನರ ನಡುವಿನ ಸಂಗ್ರಹಾಲಯ, ಮಾದರಿ ಪ್ರಯೋಗ’ ಎಂದು ಬರೆದು ಉನ್ನತ ದರ್ಜೆ ಕೊಟ್ಟರು. ಕಾಲೇಜಿನ ಖಾಲಿ ಕೋಣೆಗೆ ಹೊಸ ಬೀಗ ಹಾಕಿದ್ದೇವೆ. ಪ್ರವೇಶಕ್ಕೆ ಲಿಖಿತ ಅನುಮತಿ ಕಡ್ಡಾಯ.

ಕಳೆದ ವಾರ ಬೈರೇಶರಿಗೆ ಕನಿಕರ ಬಂತು. “ಈ ಮೊಣಕಾಲು ನೋವಲ್ಲಿ ದಿನಾ ಯಾಕೆ ಬರ್ತೀರಮ್ಮ? ಮನೆಗೇ ತಗೊಂಡ್ಹೋಗಿ.”

ನೂರುನ್ನೀಸಾ ಪುಸ್ತಕವನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದರು.

“ಬೇಡಪ್ಪಾ. ಮನೇಲಿಟ್ರೆ ಗುಜರಿಗೆ ಹೋಗುತ್ತೆ, ಕಾಲೇಜಿಗೆ ಕೊಟ್ರೂ ಗುಜರಿಗೆ ಹೋಗುತ್ತೆ. ಇಲ್ಲೇ ಇರ್ಲಿ. ಇಲ್ಲಿಂದ ಇನ್ನೆಲ್ಲಿಗೆ ಹೋಗುತ್ತೆ?”

“ಅದೂ ಸರೀನೇ,” ಎಂದರು ಬೈರೇಶ್. ಸಂಚಾಲಕಿಯಾಗಿ ನಾನೂ ಒಪ್ಪಿದೆ.