ತಿನ್ನದ ತಲೆಗಳ ಪಾಲು

“ತಲೀಗೆ ಒಂದಽ ಮೀನ ರೀ, ಏಕನಾಥ ಸರ್. ಹ್ವಾದ ವರ್ಷ ಮೂರ ಇತ್ತು, ಖರೇ. ಈಗ ದೋಣಿ ಸಂಘದವರು ಇಳಿಸ್ಯಾರ. ಮತ್ತ ಯಾರ ಪಾಲಿಂದು ಅವರಽ ಎಳೀಬೇಕು,” ಎಂದ ಗೌಸಮೊದ್ದೀನ. ಕಾರವಾರದ ದೋಣಿಗಳಿಗೆ ಹುಬ್ಬಳ್ಳಿಯಿಂದ ಮೋಜಿಗೆ ಮೀನು ಹಿಡಿಯುವ ಗಿರಾಕಿ ಕಳಿಸುವುದು ಅವನ ದಂಧೆ.

ಏಕನಾಥನ ಮುಖ ಮಗುಚಿದ ಬುಟ್ಟಿಯಂತಾಯಿತು. ಭಾನುವಾರ ಸಂಜೆ ಬೆಟಗೇರಿಯಿಂದ ಹೆಂಡತಿಯ ತವರಿನ ದಂಡೇ ಊಟಕ್ಕೆ ಬರುವುದಿತ್ತು. ಕಳೆದ ವರ್ಷ ಅವನು ಮಾರ್ಕೆಟ್ಟಿನ ಟ್ಯೂನಾ ತಂದು “ನಾನಽ ಹಿಡದದ್ದು” ಎಂದಾಗ, ಹೆಂಡತಿಯ ತಮ್ಮ ರೋಹಿತ ಮೀನಿನ ಹೊಟ್ಟೆಯಿಂದ ಅಂಗಡಿಯ ಐಸಿನ ಚೂರು ತೆಗೆದು ಎಲ್ಲರಿಗೂ ತೋರಿಸಿದ್ದ. ಅಂದಿನಿಂದ ಫೋನ್ ಮಾಡಿದಾಗಲೆಲ್ಲ ಅವನದು ಒಂದೇ ಪ್ರಶ್ನೆ: “ಭಾವಾ, ಐಸ್ ಹೆಂಗೈತಿ?”

“ಮೂರ ಬೇಕಽ ಬೇಕು!” ಏಕನಾಥ ಮೇಜು ಗುದ್ದಿದ.

“ಹಂಗಾರ ಮೂರ ತಲಿ ತರ್ರಿ.”

ತನ್ನ ಕಾರ್ಖಾನೆಯ ಗೆಳೆಯರನ್ನು ಕರೆದರೆ ತಮ್ಮ ಪಾಲಿನ ಮೀನನ್ನು ತಮ್ಮ ಮನೆಗೇ ಒಯ್ಯುತ್ತಾರೆ. ಬೇಕಾದದ್ದು ತಿನ್ನದ ತಲೆ! ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಅವನ ಪಕ್ಕದ ಮನೆಯಲ್ಲೇ ಅಂಥ ಎರಡು ತಲೆಗಳಿದ್ದವು: ಹತ್ತಿ ವ್ಯಾಪಾರಿ ಗುರುಪಾದ, ಅವರ ಹೆಂಡತಿ ಈರವ್ವ. ಮೊಟ್ಟೆ ಹಾಕಿದ ಕೇಕಿಗೂ ದೂರದಿಂದಲೇ ಕೈಮುಗಿಯುವವರು.

“ಸಮುದ್ರ ತೋರಸ್ತೇನ್ರಿ ಕಾಕು. ಸುಮ್ಮ ಒಂದು ಕೋಲು ಹಿಡಕೊಂಡು ಕೂತ್ರ ಸಾಕು.”

“ಕೋಲಿನ ತುದೀಗೆ ಏನಿರತೈತಿ?” ಈರವ್ವನಿಗೆ ಸಂಶಯ.

“ದಾರ ರೀ.”

“ದಾರದ ತುದೀಗೆ?”

“ಅದು ನೀರಾಗ ಇರತೈತ್ರಿ, ಕಾಣಂಗಿಲ್ಲ.”

ಭಾನುವಾರ ನಸುಕಿಗೆ ಹೊರಟ ಮೂವರೂ ಬಿಸಿಲೇರುವ ಹೊತ್ತಿಗೆ ಕಡಲ ಮೇಲಿದ್ದರು. ದಡ ಮರೆಯಾಗುತ್ತಲೇ ಏಕನಾಥನಿಗೆ ವಾಂತಿ ಶುರುವಾಯಿತು. ಅವನು ಬಕೀಟನ್ನು ತಬ್ಬಿಕೊಂಡು ಕೂತ. ಈರವ್ವ ಮಾತ್ರ ರೊಟ್ಟಿ, ಶೇಂಗಾ ಚಟ್ನಿ ಮೆಲ್ಲುತ್ತ ಗಟ್ಟಿಯಾಗಿ ಕೂತಿದ್ದರು. ತಟ್ಟನೆ ಅವರ ಕೋಲು ಬಿಲ್ಲಿನಂತೆ ಬಾಗಿತು.

“ಏ ಏಕನಾಥ! ಕೆಳಗ ಯಾರೋ ಜಗ್ಗಾಕತ್ತಾರಪಾ!”

“ಬಿಡಬ್ಯಾಡ್ರಿ ಕಾಕು!” ಎಂದಿತು ಬಕೀಟಿನೊಳಗಿನ ದನಿ.

ಈರವ್ವ ಸೆರಗು ಸಿಕ್ಕಿಸಿ, “ಶಿವ ಶಿವಾ” ಎನ್ನುತ್ತ ಬಾವಿಯಿಂದ ಕೊಡ ಸೇದಿದಂತೆ ಮೀನನ್ನು ಎಳೆದು ಹಾಕಿದರು. ಹೆಂಡತಿಗಿಂತ ತಾನೇನು ಕಮ್ಮಿ ಎಂದು ಗುರುಪಾದರೂ ಒಂದನ್ನು ಎಳೆದರು.

ಉಳಿದದ್ದು ಏಕನಾಥನ ಪಾಲು. ಅವನು ಬಾಯಿ ಒರೆಸಿ, ಟವೆಲಿನಿಂದ ತನ್ನ ಸೊಂಟವನ್ನು ಕಂಬಕ್ಕೆ ಬಿಗಿದು ನಿಂತ. ಬಹಳ ಹೊತ್ತು ಗುದ್ದಾಡಿದ ಮೇಲೆ, ಅವೆರಡಕ್ಕಿಂತ ದೊಡ್ಡ ಮೀನೊಂದು ದೋಣಿಯ ಅಂಚಿಗೆ ಬಂತು. ಅಷ್ಟರಲ್ಲಿ ವೈರ್‌ಲೆಸ್ಸು ಗರಗರ ಎಂದಿತು. ದೋಣಿ ನಡೆಸುವವ ಕೇಳಿ, ತಲೆ ಕೆರೆದುಕೊಂಡ.

“ಸಂಘದವರು ಮತ್ತೆ ಬದಲಿಸಿದರು, ಸಾರ್. ಈಗಿನಿಂದ ತಲೆಗೊಂದಲ್ಲ, ದೋಣಿಗೆ ಎರಡೇ. ನಿಮ್ಮದನ್ನು ಬಿಡಬೇಕು.”

“ಅವರವು ಬಿಡ್ರಿ, ನಂದು ಇಟ್ಕೋರಿ!”

“ಅವು ಸತ್ತಿವೆ, ಸಾರ್. ನಿಮ್ಮದಕ್ಕೆ ಇನ್ನೂ ಜೀವ ಇದೆ.”

ಮೀನು ಬಾಲ ಬೀಸಿ, ಏಕನಾಥನ ಮುಖಕ್ಕೆ ನೀರು ಚಿಮ್ಮಿಸಿ ಹೋಯಿತು. “ದೊಡ್ಡ ಪುಣ್ಯಾ ಬಂತು ನಿನಗ,” ಎಂದರು ಈರವ್ವ.

ಆದರೂ ಅವನು ಸೋಲಲಿಲ್ಲ. ಮರಳುವ ದಾರಿಯಲ್ಲಿ ಬೇಡಿಕೊಂಡ: “ಕಾಕಾ, ಎರಡೂ ನಾನಽ ಹಿಡದೇನಿ ಅಂತ ಹೇಳ್ತೇನ್ರಿ. ನೀವು ಬಾಯಿ ಬಿಡಬ್ಯಾಡ್ರಿ.”

“ನಾವು ಮೀನ ಹಿಡದೀವಿ ಅಂತ ಯಾರ ಮುಂದ ಹೇಳೋದಪಾ? ಮಠದಾಗ ಗೊತ್ತಾದ್ರ ಗತಿ ಏನು?” ಎಂದು ಗುರುಪಾದರೇ ಬೆವರಿದರು.

ಇದಕ್ಕಿಂತ ಭದ್ರವಾದ ಬೀಗ ಬೇಕೆ? ಏಕನಾಥ ನೆಮ್ಮದಿಯಿಂದ ಮನೆಗೆ ಬಂದ. ಬೀಗರನ್ನು ಮಾತಾಡಿಸಲು ಗುರುಪಾದ, ಈರವ್ವ ಇಬ್ಬರೂ ಒಳಗೆ ಬಂದು ಕೂತರು. ರೋಹಿತ ಮೀನಿನ ಹೊಟ್ಟೆ ಬಿಡಿಸಿ ನೋಡಿದ. ಐಸು ಇರಲಿಲ್ಲ.

“ಭಾವಾ, ಖರೇನಽ ಹಿಡದೀರಲ್ಲ! ಹೆಂಗ ಎಳದ್ರಿ?”

ಏಕನಾಥ ಎದೆಯುಬ್ಬಿಸಿ ಎದ್ದು ನಿಂತ. “ಹಿಂಗ, ಒಮ್ಮೆಲೇ ಜೋರಲೇ ಜಗ್ಗಿದೆ.”

“ಏ ಏ, ಹಂಗ ಜಗ್ಗಿದ್ರ ದಾರ ಹರೀತೈತಿ!” ಗುರುಪಾದರಿಗೆ ತಡೆಯಲಾಗಲಿಲ್ಲ. “ಸಡಲು ಬಿಟ್ಟು, ಅದು ದಣಿದ ಮ್ಯಾಲೆ ಎಳೀಬೇಕು. ನಾ ಹೆಂಗ ಎಳದೆ?”

“ನೀವೇನ ಎಳದ್ರಿ? ನಿಮ್ಮದು ಸಣ್ಣದು. ದೊಡ್ಡದು ನಂದು!” ಎಂದರು ಈರವ್ವ.

“ತೂಕಾ ಮಾಡೂಣು! ಏ ಸುಲಭಾ, ತಕ್ಕಡಿ ತಾರವಾ!”

ಏಕನಾಥನ ಹೆಂಡತಿ ಸುಲಭಾ ನಿಂತಲ್ಲೇ ನಿಂತಳು. ರೋಹಿತ ನಕ್ಕು ನಕ್ಕು ಗೋಡೆಗೊರಗಿದ. “ಹ್ವಾದ ವರ್ಷ ಅಂಗಡಿಯಾಂವ ಹಿಡದಿದ್ದು. ಈ ವರ್ಷ ಕಾಳಪಲ್ಯಾ ತಿನ್ನವರು ಹಿಡದದ್ದು! ಭಾವಾ, ಮುಂದಿನ ವರ್ಷ ಯಾರ ಕಡಿಂದ?”

“ಬಾ, ಉಣ್ಣಾಕ ಕೂಡು,” ಎನ್ನುತ್ತ ಏಕನಾಥ ತಟ್ಟೆ ಹಾಕಿದ.

ಊಟಕ್ಕೆ ಕೂತಾಗ ರೋಹಿತ ಬಾಣಲೆಯಿಂದ ಮೊದಲ ತುಂಡನ್ನು ಭಾವನ ತಟ್ಟೆಗೇ ಹಾಕಿದ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಏಕನಾಥ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ.