ಮೆದುಳಿನ ಚಿತ್ರ ತೆಗೆಯುವಾಗ ತಲೆಯಾಡಿಸುವುದು ಹಾಗೂ ಮನಸ್ಸಿನಲ್ಲಿ ರೊಟ್ಟಿ ಬಡಿಯುವುದರ ಕುರಿತು

ಮೆದುಳು ಚಿತ್ರಣ ಮತ್ತು ಕೈಕಾಲು ಪುನಶ್ಚೇತನ ಘಟಕ
(ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಿಗೆ ಸೇರಿ ಒಂದೇ)

ಸಂಖ್ಯೆ: ಮೆಚಿಪು/ತಲೆ/ಅಲುಗಾಟ/03/2025

ವಿಷಯ: ಯಂತ್ರದೊಳಗೆ ಮಲಗಿದವರ ಮರ್ಯಾದೆಯ ನಡವಳಿಕೆಯಿಂದ ಚಿತ್ರ ಕೆಡುತ್ತಿರುವ ಬಗ್ಗೆ.

ಉಲ್ಲೇಖ: 1. ಭರಮವ್ವ ಲಕ್ಕಪ್ಪ, ಸಾ. ಕೌಜಲಗಿ, ಇವರ ಅಲುಗಿದ ಚಿತ್ರ, ಮೊದಲನೆಯದು.
2. ಸದರಿಯವರ ಅಲುಗಿದ ಚಿತ್ರ, ಎರಡನೆಯದು.
3. ಸದರಿಯವರು ಬಾಗಿಲಲ್ಲಿ ನಿಂತು ಆಡಿದ ಮಾತುಗಳು (ಪೂರ್ತಿ ಬರೆದುಕೊಳ್ಳಲು ಆಗಿರುವುದಿಲ್ಲ).

ಲಕ್ವಾ ಹೊಡೆದವರ ಮೆದುಳಿನ ಚಿತ್ರ ತೆಗೆದು, ಕೆಟ್ಟ ಭಾಗದ ಕೆಲಸವನ್ನು ಬಾಜೂ ಭಾಗ ಎಷ್ಟರಮಟ್ಟಿಗೆ ಮೈಮೇಲೆ ಹಾಕಿಕೊಂಡಿದೆ ಎಂದು ನೋಡಿ, ಅದರಂತೆ ವ್ಯಾಯಾಮ ಕಲಿಸುವುದು ಈ ಘಟಕದ ಕೆಲಸವಾಗಿರುತ್ತದೆ. ಕೆಲಸ ಮಾಡುವ ಭಾಗ ಚಿತ್ರದಲ್ಲಿ ಬೆಳಗುತ್ತದೆ. ಚಿತ್ರ ತೆಗೆಯುವ ಇಪ್ಪತ್ತು ನಿಮಿಷ ತಲೆ ಎಳ್ಳಷ್ಟೂ ಅಲುಗಬಾರದು. ಭರಮವ್ವನವರ ತಲೆ ಎರಡು ಸಲ ಅಲುಗಿದೆ. ಇವರಿಗೆ ವಯಸ್ಸು ಅರವತ್ತೆಂಟು, ಬಲಗೈ ಏಳುವುದಿಲ್ಲ, ಮಾತಿಗೆ ಯಾವ ಊನವೂ ಇಲ್ಲ, ಇದನ್ನು ಸಿಬ್ಬಂದಿಯೆಲ್ಲ ದೃಢೀಕರಿಸಿದ್ದಾರೆ. ಮೂರನೆಯ ಚಿತ್ರವೂ ಕೆಟ್ಟರೆ ನಿಯಮದಂತೆ ಅವರ ಹೆಸರು ಪಟ್ಟಿಯಿಂದ ಹೋಗುತ್ತದೆ, ಹೆಸರಿನ ಬೆನ್ನಿಗೆ ವಾರಕ್ಕೆ ಮೂರು ದಿನದ ವ್ಯಾಯಾಮವೂ ಹೋಗುತ್ತದೆ. ಅವರು ಕೇಳುತ್ತಿರುವುದು ಒಂದೇ: ಮತ್ತೆ ತಮ್ಮ ಕೈಯಾರೆ ರೊಟ್ಟಿ ಬಡಿಯಬೇಕು. ಆದಕಾರಣ ಕೆಳಗಿನಂತೆ ನಡೆದುಕೊಳ್ಳಲು ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ.

1. ಮೊದಲ ಚಿತ್ರದ ಸಮಯದಲ್ಲಿ ಯಂತ್ರ ನಡೆಸುವ ಮಹಾಂತೇಶ ಅವರು ಮೈಕಿನಲ್ಲಿ “ಆರಾಮ ಅದೀರಿಲ್ರಿ, ಯವ್ವಾ?” ಎಂದು ವಿಚಾರಿಸಿದ್ದು, ಭರಮವ್ವನವರು ತಲೆಯಾಡಿಸಿದ್ದು ಕಂಡುಬಂದಿದೆ. ಕಾರಣ ಕೇಳಲಾಗಿ, “ಬಾಯಿ ತೆಗೀಬ್ಯಾಡ್ರಿ ಅಂತ ನೀನ ಹೇಳಿದ್ದಿ. ಅಷ್ಟ ಕಾಳಜಿಲೆ ಕೇಳಾವಗ ತಲೀನೂ ಆಡಿಸ್ಲಿಲ್ಲಂದ್ರ, ಮುದುಕಿಗಿ ಏನ ಸೊಕ್ಕಪಾ ಅಂತೀಯಿಲ್ಲೋ?” ಎಂದು ಉತ್ತರಿಸಿದ್ದಾರೆ. ಉತ್ತರ ಸಮಂಜಸವಾಗಿದೆ. ಇನ್ನು ಮುಂದೆ ಕ್ಷೇಮ ಸಮಾಚಾರವನ್ನು ಯಂತ್ರದ ಹೊರಗೇ, ದನಕರು ಮತ್ತು ಕಬ್ಬು ಸಹಿತ, ಮುಗಿಸಿಕೊಳ್ಳತಕ್ಕದ್ದು. ಒಳಗೆ ಹೋದವರ ಬಗ್ಗೆ ಕಾಳಜಿ ಇದ್ದರೆ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

2. ಎರಡನೆಯ ಸಲ ಮಹಾಂತೇಶ ಅವರು ಬಾಯಿ ಬಿಗಿಹಿಡಿದಿದ್ದರು. ಆದರೆ ಮೈಕು ತೆರೆದೇ ಇತ್ತು. ಜವಾನ ಅಪ್ಪಣ್ಣ ಬಾಗಿಲಿಗೆ ಬಂದು “ಚಾ ತರಲೇನ್ರಿ?” ಎಂದದ್ದು ಯಂತ್ರದೊಳಗೆ ಕೇಳಿಸಿದೆ. ಭರಮವ್ವನವರು ಪದ್ಧತಿಯಂತೆ ಮೊದಲು ಬೇಡವೆಂದು ತಲೆಯನ್ನು ಅಡ್ಡ ಆಡಿಸಿದ್ದಾರೆ. ಅಪ್ಪಣ್ಣ ಮತ್ತೊಮ್ಮೆ ಕೇಳಿದಾಗ, ಎರಡನೆಯ ಸಲವೂ ಒಲ್ಲೆ ಅಂದರೆ ಕರೆದವರಿಗೆ ಅವಮಾನವೆಂದು, ತಲೆಯನ್ನು ಮೇಲೆ ಕೆಳಗೆ ಆಡಿಸಿದ್ದಾರೆ. ಹೀಗೆ ಒಂದೇ ಚಹಾಕ್ಕೆ ತಲೆ ನಾಲ್ಕು ದಿಕ್ಕಿಗೂ ಹೋಗಿದೆ. ಅದೂ ಬಾರದ ಚಹಾಕ್ಕೆ. ಮೈಕಿನಿಂದ ಹದಿನೈದು ಹೆಜ್ಜೆಯೊಳಗೆ ಚಹಾದ ಹೆಸರೆತ್ತುವುದನ್ನು ನಿಷೇಧಿಸಲಾಗಿದೆ. ಬಾಯಿ ತಪ್ಪಿ ಹೆಸರೆತ್ತಿದ್ದೇ ಆದಲ್ಲಿ, ಮಲಗಿದವರು ಒಮ್ಮೆ ಬೇಡವೆಂದು ಆಮೇಲೆ ಒಪ್ಪಿಕೊಂಡಿದ್ದಾರೆಂದೇ ಭಾವಿಸಿ, ಹೊರಗೆ ಬಂದ ಕೂಡಲೇ ಬಿಸಿಯಾಗಿ ಕೊಡತಕ್ಕದ್ದು.

3. “ಬಲಗೈ ಬೆರಳು ಆಡಿಸ್ರಿ, ಆಗದಿದ್ದರ ಆಡಿಸಿದಂಗ ನೆನಸ್ರಿ” ಎಂಬ ಸೂಚನೆಗೆ ಸದರಿಯವರು “ಹಿಟ್ಟಿಲ್ದ ಬೆರಳ ಆಡಿಸಾಕ ನನಗೇನ ಹುಚ್ಚ ಹಿಡದೈತೇನ?” ಎಂದು ಆಕ್ಷೇಪಿಸಿರುತ್ತಾರೆ. ಆಕ್ಷೇಪವನ್ನು ಪರಿಶೀಲಿಸಿ, ಮನಸ್ಸಿನಲ್ಲಿ ಜೋಳದ ರೊಟ್ಟಿ ಬಡಿಯಲು ಅನುಮತಿ ನೀಡಲಾಗಿದೆ. ಷರತ್ತುಗಳು:

(ಅ) ಗಂಟೆ ಬಾರಿಸಿದಾಗ ಬಡಿಯಲು ಸುರು ಮಾಡಿ, ಮತ್ತೆ ಬಾರಿಸಿದಾಗ ನಿಲ್ಲಿಸತಕ್ಕದ್ದು. ಅರ್ಧ ಬಡಿದ ರೊಟ್ಟಿಯನ್ನು ಮನಸ್ಸಿನ ಪರಾತದಲ್ಲಿ (ಹಿಟ್ಟಿನ ತಟ್ಟೆಯಲ್ಲಿ) ಹಾಗೇ ಬಿಡತಕ್ಕದ್ದು.

(ಆ) ಒಲೆಯ ಉರಿ ನೋಡಲು ಕತ್ತು ಹೊರಳಿಸುವಂತಿಲ್ಲ. ರೊಟ್ಟಿ ಹೊತ್ತಿದರೆ ಘಟಕ ಜವಾಬ್ದಾರಿಯಲ್ಲ.

(ಇ) ಮನಸ್ಸಿನಲ್ಲಿ ಬೀಗರು ಬಂದರೆ ಎದ್ದು ಸೆರಗು ಹೊದೆಯಬಾರದು. ಬೀಗರು ಇಪ್ಪತ್ತು ನಿಮಿಷ ಕಾಯತಕ್ಕದ್ದು.

(ಈ) ಸೊಸೆ ಸುಜಾತಾ ಮನೆಯಲ್ಲಿ ಪ್ರೀತಿಯಿಂದಲೇ “ಬಿಡ್ರಿ ಅತ್ತಿ, ನಾ ಬಡೀತೇನಿ, ನೀವ ಸುಮ್ನ ಕುಂದರ್ರಿ” ಎಂದು ಹಿಟ್ಟಿನ ಪರಾತ ಎಳೆದುಕೊಳ್ಳುವುದಾಗಿ ವರದಿಯಿದೆ. ಸದರಿ ಸುಜಾತಾ ಅವರನ್ನು ಮನಸ್ಸಿನ ಅಡುಗೆಮನೆಯೊಳಗೆ ಬಿಟ್ಟುಕೊಳ್ಳಬಾರದು. ಅವರು ಬಡಿದರೆ ಬೆಳಗುವುದು ಅವರ ಮೆದುಳು. ಅವರ ಚಿತ್ರವನ್ನು ಯಾರೂ ಕೇಳಿಲ್ಲ.

4. ಚಿತ್ರದ ಹಾಳೆಯನ್ನು ಚಹಾದಂಗಡಿಯ ಮುಂದೆ ಬಿಸಿಲಿಗೆ ಹಿಡಿದು ಊರವರಿಗೆ ತೋರಿಸುವುದನ್ನು ನಿಲ್ಲಿಸಲಾಗಿದೆ. ಭರಮವ್ವನವರ ಯಜಮಾನರಾದ ಲಕ್ಕಪ್ಪ ಇವರು ಮೂಡಲಗಿ ಬಸ್ ಸ್ಟ್ಯಾಂಡಿನಲ್ಲಿ ಹಾಳೆಯನ್ನು ತಲೆಕೆಳಗು ಹಿಡಿದು, “ಈ ಕರೀದ ಐತಲ್ರಿ, ನನ್ನ ಮ್ಯಾಲಿನ ನಲವತ್ತ ವರ್ಷದ ಸಿಟ್ಟ ಇಲ್ಲೇ ಗಡ್ಡಿ ಕಟ್ಟೇತಿ” ಎಂದು ವಿವರಿಸಿರುತ್ತಾರೆ. ಸಿಟ್ಟನ್ನು ತೋರಿಸುವ ಸೌಲಭ್ಯ ಈ ಯಂತ್ರದಲ್ಲಿ ಇಲ್ಲ. ಸದರಿ ಸಿಟ್ಟು ಇರುವುದಾದರೂ ಅದು ಕೆಟ್ಟ ಭಾಗದಲ್ಲಿ ಇಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದೆ.

5. ಜನರಿಗೆ ತಿಳಿಯಲೆಂದು ವೈದ್ಯರು, ಹಿಡಕಲ್ ಕಾಲುವೆ ಒಂದು ಕಡೆ ಒಡೆದರೆ ಬಾಜೂ ಹೊಲದಿಂದ ನೀರು ತಿರುವಿಕೊಳ್ಳುವಂತೆ ಮೆದುಳೂ ದಾರಿ ಹುಡುಕುತ್ತದೆ ಎಂದಿದ್ದು ನಿಜ. ಅದಾದ ಮೇಲೆ ನೀರಿನ ಪಾಳಿ ಕೇಳಿಕೊಂಡು ಹನ್ನೊಂದು ಅರ್ಜಿ ಬಂದಿವೆ. ಅರ್ಜಿಗಳನ್ನು ಮರಳಿಸಲಾಗಿದೆ.

6. ಈ ಸುತ್ತೋಲೆ ಸಹಿಗಾಗಿ ಒಂಬತ್ತು ದಿನ ಮೇಜಿನ ಮೇಲೆ ಮಲಗಿದ್ದು (ಅಲುಗಿರುವುದಿಲ್ಲ), ಅಷ್ಟರೊಳಗೆ ಮೂರನೆಯ ಚಿತ್ರ ಮುಗಿದಿರುತ್ತದೆ. ಮಹಾಂತೇಶ ಅವರು ಮೇಲಿನ ಕಲಮುಗಳನ್ನು ಬಾಯಿಮಾತಿನಲ್ಲೇ ಜಾರಿ ಮಾಡಿದ್ದರಿಂದ ಚಿತ್ರ ನೆಟ್ಟಗೆ ಬಂದಿದೆ. ಕೆಟ್ಟ ಭಾಗದ ಪಕ್ಕದಲ್ಲಿ, ಹಿಂದೆ ಸುಮ್ಮನಿದ್ದ ಜಾಗದಲ್ಲಿ, ಕಾಳಿನಷ್ಟು ಬೆಳಕು ಕಂಡಿದೆ. ಮಹಾಂತೇಶ ಅವರು ಮೈಕಿನಲ್ಲಿ “ಬಂತ್ರಿ ಯವ್ವಾ, ಬಂತ!” ಎಂದು ಕೂಗಿದ್ದು ಕಲಮು 1ರ ಉಲ್ಲಂಘನೆಯಾದರೂ, ಚಿತ್ರ ಮುಗಿದಿದ್ದರಿಂದ ಮತ್ತು ವೈದ್ಯರೂ ಕೂಗಿದ್ದರಿಂದ, ಕ್ರಮ ಕೈಬಿಡಲಾಗಿದೆ. ಹೊರಗೆ ಬಂದ ಭರಮವ್ವನವರು ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಹೊರಳಿಸಿ ನೋಡಿ, “ಎಲ್ಲಿ ಬಂತೋ ತಮ್ಮಾ? ಕೈ ಇನ್ನೂ ಇಲ್ಲೇ ಬಿದ್ದೈತಿ” ಎಂದರು. ಮೊದಲು ಒಳಗೆ ಬರುತ್ತದೆ, ಕೈಗೆ ಬರಲು ತಿಂಗಳುಗಳೇ ಬೇಕು, ದಿನಾ ಮಾಡಿಸಿದರೆ ಮಾತ್ರ ಬರುತ್ತದೆ ಎಂದು ವೈದ್ಯರು ತಿಳಿಸಿದರು. ಭರಮವ್ವನವರು ಅದಕ್ಕೆ ತಲೆಯಾಡಿಸಿದರು. ಯಂತ್ರದ ಹೊರಗೆ ಆಡಿಸಿದ್ದರಿಂದ ಘಟಕದ ಆಕ್ಷೇಪವಿಲ್ಲ.

7. ಅವರ ಹೆಸರನ್ನು ಪಟ್ಟಿಯಲ್ಲಿ ಮುಂದುವರಿಸಿ ಆದೇಶಿಸಲಾಗಿದೆ. ದಿನಕ್ಕೊಂದು ರೊಟ್ಟಿ, ನಿಜವಾದ ಹಿಟ್ಟಿನಲ್ಲಿ, ಬಲಗೈಯನ್ನು ಮುಂದೆ ಮಾಡಿ ಎಡಗೈ ಆಸರೆ ಕೊಟ್ಟು ಬಡಿಯತಕ್ಕದ್ದು.

(ಸಹಿ ಓದಲು ಬರುವುದಿಲ್ಲ)
ಘಟಕದ ಮುಖ್ಯಸ್ಥರು (ಪ್ರಭಾರ)

ಪ್ರತಿಗಳು:
1. ನೀರಾವರಿ ಕಚೇರಿಗೆ, ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ತಿಳಿಯುವ ಸಲುವಾಗಿ.
2. ಜವಾನ ಅಪ್ಪಣ್ಣನಿಗೆ, ಓದಿ ಹೇಳತಕ್ಕದ್ದು. ಓದುವಾಗ ಮೈಕು ಮುಚ್ಚಿರಲಿ.
3. ಲಕ್ಕಪ್ಪ ಇವರಿಗೆ, ಬಿಸಿಲಿಗೆ ಹಿಡಿಯದೆ ಓದಲು.
4. ಸುಜಾತಾ ಇವರಿಗೆ: ಅತ್ತೆ ಬಡಿದದ್ದು ಒಂದು ಕಡೆ ದಪ್ಪ, ಒಂದು ಕಡೆ ಹರಿದು, ಯಾವ ಆಕಾರದಲ್ಲಿ ಬಂದರೂ, ತಿದ್ದದೆ ಹಂಚಿಗೆ ಹಾಕಿ, ಮೊದಲು ತಾವೇ ತಿನ್ನತಕ್ಕದ್ದು.