ಸಾಹೇಬರ ಕಾಲು ಬಿದ್ದ ಮನೆಗಳು

ಅಳತೆಯ ಟೇಪು ಹಿಡಿದುಕೊಂಡು ಯಾರದೋ ಮನೆಗೆ ಹೋದ ಮೇಲೆ, ಏನೂ ಆಗದೆ ಸುಮ್ಮನೆ ವಾಪಸು ಬಂದ ದಿನ ನನ್ನ ನೆನಪಿನಲ್ಲಿಲ್ಲ. ಒಂದು ಮನೆಯಲ್ಲಿ ನಾಯಿ ಅಡ್ಡ ಬರುತ್ತದೆ, ಇನ್ನೊಂದರಲ್ಲಿ ನಾದಿನಿ. ಎರಡೂ ಇಲ್ಲದ ಕಡೆ ನಮ್ಮ ಸಾಹೇಬರು ಇದ್ದೇ ಇರುತ್ತಿದ್ದರು.

ಯಾರಾದರೂ ಮನೆ ಅಡ ಇಟ್ಟು ಬ್ಯಾಂಕಿನಲ್ಲಿ ಸಾಲ ಕೇಳಿದರೆ, ಆ ಮನೆ ಎಷ್ಟು ಬೆಲೆ ಬಾಳುತ್ತದೆ ಎಂದು ನೋಡಿ ಬರೆದುಕೊಡುವವರು ಮೌಲ್ಯಮಾಪಕರು. ನಮ್ಮ ಜನ ವ್ಯಾಲ್ಯೂಯರ್ ಎನ್ನುತ್ತಾರೆ. ಇದರಲ್ಲೂ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲಿನವರು ಟೇಪು ಹಿಡಿಯಬಹುದು, ವರದಿ ಬರೆಯಬಹುದು, ಆದರೆ ಸಹಿ ಹಾಕುವಂತಿಲ್ಲ. ಮೇಲಿನವರು ಸಹಿ ಹಾಕುತ್ತಾರೆ, ಟೇಪು ಮುಟ್ಟುವುದಿಲ್ಲ. ಮೇಲೆ ಹತ್ತಬೇಕಾದರೆ ಪರೀಕ್ಷೆ ಪಾಸಾಗಬೇಕು, ಜೊತೆಗೆ ಮೇಲಿನವರೊಬ್ಬರು ‘ಇವರು ನನ್ನ ಕೈಕೆಳಗೆ ಕೆಲಸ ಕಲಿತಿದ್ದಾರೆ’ ಎಂದು ಅನುಭವದ ಪತ್ರ ಕೊಡಬೇಕು.

ನಾನು ಸಿವಿಲ್ ಎಂಜಿನಿಯರಿಂಗ್ ಓದಿ, ಮದುವೆಯಾಗಿ, ಹದಿನಾಲ್ಕು ವರ್ಷ ರೊಟ್ಟಿ ಬಡಿದು, ನಲವತ್ತರ ಹತ್ತಿರ ಬಂದಾಗ ಈ ಕೆಲಸಕ್ಕೆ ಸೇರಿದವಳು. ಮಕ್ಕಳ ಪ್ರಗತಿಪತ್ರ ಬಿಟ್ಟರೆ ನನ್ನ ಸಹಿ ಎಲ್ಲೂ ನಡೆದಿರಲಿಲ್ಲ. ಒಂದು ಕಾಗದದ ಮೇಲಾದರೂ ಅದಕ್ಕೆ ಕಿಮ್ಮತ್ತು ಬರಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು. ಪರೀಕ್ಷೆ ಪಾಸಾಗಿತ್ತು. ಉಳಿದದ್ದು ಸಾಹೇಬರು ಕೊಡಬೇಕಾದ ಆ ಪತ್ರ.

ಸಾಹೇಬರು ಸವಣೂರಿನವರು, ನಿವೃತ್ತ ಎಂಜಿನಿಯರು. ಅವರ ಹಿಂದಿನ ಮೂರು ತಲೆಮಾರಿನವರು ಶಾಸ್ತ್ರ ಓದಿದವರಂತೆ. ಇವರು ಶಾಸ್ತ್ರ ಬಿಟ್ಟು ಕಾನೂನು ಹಿಡಿದಿದ್ದರು. ಸರ್ಕಾರದ ನಿಯಮ ಅವರಿಗೆ ಸಾಲುತ್ತಿರಲಿಲ್ಲ, ತಮ್ಮವೇ ನಾಲ್ಕನ್ನು ಕೆಂಪು ರಟ್ಟಿನ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಒಂದು, ಮಾಲೀಕನ ಅರ್ಜಿ ಇರಬೇಕು, ಅಳೆಯುವಾಗ ಮಾಲೀಕ ಎದುರಿಗಿರಬೇಕು. ಎರಡು, ಮೇಲ್ವಿಚಾರಕರ, ಅಂದರೆ ಸಾಹೇಬರ, ಬಲಗಾಲು ಆ ಮನೆಯ ಹೊಸ್ತಿಲು ದಾಟಿರಬೇಕು. ಮೂರು, ಪ್ರತಿ ಕೋಣೆಯ ಫೋಟೊದಲ್ಲೂ ಅವರು ಇರಬೇಕು. ನಾಲ್ಕು, ಬೆಲೆಯ ಅಂಕಿ ಕಲಿಯುವವರ ಬಾಯಿಂದ ಮಾಲೀಕನ ಕಿವಿಗೆ ಬೀಳಕೂಡದು. ಹೇಳುವ ಹಕ್ಕು ಮೇಲ್ವಿಚಾರಕರದು ಮಾತ್ರ.

"ಇಂಥಾವು ಐವತ್ತು ಮನಿ ಆಗ್ಲಿ, ಪತ್ರ ಕೊಡ್ತೀನಿ. ಒಂದು ನಿಯಮ ತಪ್ಪಿದ್ರೂ ಆ ಮನಿ ಲೆಕ್ಕಕ್ಕಿಲ್ಲ ನೋಡವಾ" ಅಂದಿದ್ದರು.

ಹಾನಗಲ್ಲಿನ ಬಾಡಿಗೆದಾರ

ಮೊದಲು ಎಡವಿದ್ದು ಹಾನಗಲ್ಲಿನಲ್ಲಿ. ಒಬ್ಬ ಭತ್ತದ ವ್ಯಾಪಾರಿಯ ಹೊಸ ಮನೆ, ಇನ್ನೂ ಯಾರೂ ವಾಸಕ್ಕೆ ಬಂದಿರಲಿಲ್ಲ. ನಿಯಮದ ಪ್ರಕಾರ ಎಲ್ಲ ಕೋಣೆಗಳಲ್ಲೂ ಸಾಹೇಬರನ್ನು ನಿಲ್ಲಿಸಿ ಫೋಟೊ ತೆಗೆದೆ. ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತಿದ್ದರು. ಬಚ್ಚಲಲ್ಲಿ ಕೊಡೆ ಹಿಡಿದುಕೊಂಡು ನಿಂತಿದ್ದರು. ಮಲಗುವ ಕೋಣೆಗೆ ಬರುವಷ್ಟರಲ್ಲಿ ಮೊಣಕಾಲು ನೋವು ಬಂದು, ಪ್ಲಾಸ್ಟಿಕ್ ಕುರ್ಚಿ ತರಿಸಿ, ಕುಳಿತು ಚಹಾ ಕುಡಿದರು. ಅದೂ ಫೋಟೊದಲ್ಲಿ ಬಂತು.

ಮೂರು ದಿನ ಬಿಟ್ಟು ಬ್ಯಾಂಕಿನಿಂದ ಫೋನು. ಮ್ಯಾನೇಜರು ಹೊಸಬರು, ಸಾಹೇಬರ ಮುಖ ನೋಡಿದವರಲ್ಲ.

"ಮನಿ ಖಾಲಿ ಐತಿ ಅಂತ ಬರದೀರಿ. ಫೋಟೊದಾಗ ಒಬ್ರು ಸಂಸಾರ ಮಾಡಾಕತ್ತಾರಲ್ರಿ?"

"ಅವರು ನಮ್ಮ ಸಾಹೇಬ್ರು, ಸರ್."

"ಯಾರರ ಆಗ್ಲಿ. ಬಾಡಿಗಿದಾರ ಇದ್ರ ಸಾಲ ಆಗೂದಿಲ್ಲ. ಅವರನ್ನ ಖಾಲಿ ಮಾಡ್ಸಿ, ಹೊಸ ಫೋಟೊ ಕಳಸ್ರಿ."

ಸಾಹೇಬರಿಗೆ ಹೇಳಿದರೆ, ತಾವಿಲ್ಲದ ಫೋಟೊ ನಿಯಮಕ್ಕೆ ವಿರುದ್ಧ ಎಂದು ಪಟ್ಟು ಹಿಡಿದರು. ಮತ್ತೆ ಹಾನಗಲ್ಲಿಗೆ ಹೋದೆವು. ಮತ್ತೆ ಅದೇ ಅಡುಗೆಮನೆ, ಅದೇ ಬಚ್ಚಲು, ಅದೇ ಸಾಹೇಬರು. ಪ್ರತಿ ಫೋಟೊದ ಕೆಳಗೂ ಅವರ ಕೈಯಿಂದಲೇ ಒಂದು ಸಾಲು ಬರೆಸಿ ಕಳಿಸಿದೆ: ‘ಚಿತ್ರದಲ್ಲಿರುವವರು ಈ ಮನೆಯಲ್ಲಿ ಇಲ್ಲ.’

ಹುಲಗೂರಿನ ಮಿರ್ಚಿ

ಶಿಗ್ಗಾವಿ ತಾಲ್ಲೂಕಿನ ಹುಲಗೂರಿಗೆ ಬಳೆ ವ್ಯಾಪಾರಿಯೊಬ್ಬರ ಮನೆ ನೋಡಲು ನಾನು ಮೊದಲೇ ಹೋಗಿದ್ದೆ. ಸಾಹೇಬರ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿತ್ತು. ವ್ಯಾಪಾರಿ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಮಿರ್ಚಿ ಮಂಡಕ್ಕಿ ಕೊಟ್ಟು, ಬೆಲೆ ಎಷ್ಟಾಗಬಹುದು ಎಂದು ಕೇಳಿದರು.

"ನಾ ಹೇಳೂಹಂಗಿಲ್ರಿ" ಅಂದೆ.

"ಹೇಳಬ್ಯಾಡ್ರಿ. ನಾ ಹೇಳ್ತೇನಿ, ನೀವು ಸುಮ್ಮ ಕುಂದರ್ರಿ" ಎಂದವರು ನನ್ನ ಮುಖವನ್ನೇ ನೋಡುತ್ತ ಶುರು ಮಾಡಿದರು. "ಹದಿನೈದು ಲಕ್ಷ? ಇಪ್ಪತ್ತು? ಇಪ್ಪತ್ತೈದು?"

ನಾನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ಕುಳಿತೆ. ಅಷ್ಟರಲ್ಲಿ ಓಣಿಯ ಹತ್ತು ಮಂದಿ ಸೇರಿ ಅವರೂ ನನ್ನ ಮುಖ ನೋಡತೊಡಗಿದರು. "ಮೂವತ್ತೆಂಟು?" ಎನ್ನುವುದಕ್ಕೂ ಮಿರ್ಚಿಯೊಳಗಿನ ಮೆಣಸಿನಕಾಯಿ ನನ್ನ ಹಲ್ಲಿಗೆ ಸಿಗುವುದಕ್ಕೂ ಸರಿಹೋಯಿತು. ಕಣ್ಣಲ್ಲಿ ದಳದಳ ನೀರು.

"ಮೂವತ್ತೆಂಟಕ್ಕ ಅಕ್ಕಾರು ಅತ್ರು!" ಎಂದು ಯಾರೋ ಕೂಗಿದರು. ಪಕ್ಕದ ಮನೆಯವನು ಅಲ್ಲೇ ನಿಂತು, ಇದು ಮೂವತ್ತೆಂಟಾದರೆ ತನ್ನದು ಐವತ್ತು ಎಂದು ಸಾರಿದ. ಆರು ವರ್ಷದಿಂದ ಮಾತು ಬಿಟ್ಟಿದ್ದ ವ್ಯಾಪಾರಿಯ ಅಣ್ಣ ಓಡಿ ಬಂದು ತಮ್ಮನನ್ನು ಅಪ್ಪಿಕೊಂಡು ಪಾಲು ಕೇಳಿದ. ನಾನು ನೀರು ಕುಡಿದು ಬಾಯಿ ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಾಹೇಬರು ಬಂದು, ಎಲ್ಲ ಅಳೆದು, ಹತ್ತೊಂಬತ್ತು ಲಕ್ಷ ಎಂದರು.

"ಅಕ್ಕಾರು ಮೂವತ್ತೆಂಟಕ್ಕ ಅತ್ತಾರ್ರಿ!" ಎಂದರು ವ್ಯಾಪಾರಿ.

"ಹತ್ತೊಂಬತ್ತು ಮನಿದು. ಉಳದದ್ದು ಮೆಣಸಿನಕಾಯಿದು" ಎಂದರು ಸಾಹೇಬರು. ಆ ಮನೆಯನ್ನು ನನ್ನ ಲೆಕ್ಕದಿಂದ ಹೊಡೆದುಹಾಕಿ, ನೋಟುಬುಕ್ಕಿನಲ್ಲಿ ಐದನೇ ನಿಯಮ ಬರೆದರು: ಅಳತೆಯ ಸ್ಥಳದಲ್ಲಿ ಮಿರ್ಚಿ ತಿನ್ನಕೂಡದು.

ಹಿರೇಕೆರೂರಿನ ಬೀಗರು

ಹಿರೇಕೆರೂರಿನಲ್ಲಿ ನಮಗೆ ಸಿಕ್ಕ ಗುರುತು ಇಷ್ಟೇ: ಬೇವಿನ ಮರದ ಎದುರಿನ ಹಸಿರು ಬಾಗಿಲಿನ ಮನೆ. ಹೋದೆವು. ಮನೆಯ ಹೆಣ್ಣುಮಗಳು ಕಾಲಿಗೆ ನೀರು ಕೊಟ್ಟು, "ಬರ್ರಿ ಬರ್ರಿ, ನಿಮ್ಮ ದಾರೀನ ಕಾಯಾಕತ್ತಿದ್ವಿ" ಎಂದರು. ಇಷ್ಟು ಮರ್ಯಾದೆ ನಮಗೆ ಎಲ್ಲೂ ಸಿಕ್ಕಿರಲಿಲ್ಲ. ಸಾಹೇಬರು ಉಬ್ಬಿಹೋದರು.

ಮನೆ ಯಾರ ಹೆಸರಿನಲ್ಲಿದೆ, ಪಾಲುದಾರರು ಎಷ್ಟು, ಬೋರಿಗೆ ನೀರು ಇದೆಯೇ, ಬಚ್ಚಲು ಒಳಗೋ ಹೊರಗೋ ಎಂದು ನಾವು ಕೇಳಿದ್ದಕ್ಕೆಲ್ಲ ಯಜಮಾನರು ಕೈಮುಗಿದು ಉತ್ತರ ಕೊಟ್ಟರು. ಇಸ್ತ್ರಿ ಅಂಗಿ ತೊಟ್ಟ ಮಗ ಬಂದು ಎದುರಿಗೆ ಕುಳಿತ. ಸಾಹೇಬರು ಅವನ ಕೈಗೆ ಟೇಪಿನ ತುದಿ ಕೊಟ್ಟು ಮನೆಯೆಲ್ಲ ಓಡಾಡಿಸಿದರು. ಅವನ ತಾಯಿ ನನ್ನ ಕಿವಿಯಲ್ಲಿ, "ನಮ್ಮ ಹುಡುಗ ಯಾವ ಕೆಲಸಕ್ಕೂ ಒಲ್ಲೆ ಅನ್ನೂದಿಲ್ರಿ" ಅಂದರು. ಇದನ್ನು ನನಗೇಕೆ ಹೇಳುತ್ತಾರೆ ಎಂದು ತಿಳಿಯಲಿಲ್ಲ.

ಅವಲಕ್ಕಿ, ಉಂಡಿ ಎಲ್ಲ ಮುಗಿದ ಮೇಲೆ ಯಜಮಾನರು ಮೆಲ್ಲಗೆ ಕೇಳಿದರು, "ಹುಡುಗಿ ಫೋಟೊ ತಂದೀರೇನ್ರಿ?"

"ಹುಡುಗಿ ಯಾಕ? ಫೋಟೊದಾಗ ನಾ ಇರ್ತೀನಿ" ಎಂದರು ಸಾಹೇಬರು.

ಆಗ ಗೊತ್ತಾಯಿತು. ನಾವು ಹೋಗಬೇಕಾಗಿದ್ದ ಹಸಿರು ಬಾಗಿಲು ಮರದ ಆಚೆ ಕಡೆಯದು. ಇವರು ಕಾಯುತ್ತಿದ್ದುದು ವರನ ಮನೆ ನೋಡಲು ಬರುವ ರಟ್ಟೀಹಳ್ಳಿಯ ಹೆಣ್ಣಿನವರನ್ನು. "ನೀವು ಗ್ವಾಡಿ ಬಡದು ನೋಡಾಕತ್ತಾಗ, ಭಾಳ ಹುಷಾರ್ ಮಂದಿ, ಹುಡುಗಿನೂ ಹುಷಾರ್ ಇರ್ಬೇಕು ಅನ್ಕೊಂಡ್ವಿ" ಎಂದರು ಯಜಮಾನರು.

ನಿಜವಾದ ಹೆಣ್ಣಿನವರು ಬಂದಾಗ ಸಾಹೇಬರೇ ಮುಂದೆ ನಿಂತು, ಗೋಡೆ ದಪ್ಪ, ತೊಲೆ ಸಾಗವಾನಿ, ಪಾಲುದಾರರಿಲ್ಲ ಎಂದು ಓದಿ ಹೇಳಿದರು. ಅವರು ಒಳಗೆ ಬರದೆ ಅಂಗಳದಲ್ಲೇ ಒಪ್ಪಿದರು. ಮದುವೆಗೆ ನಾವೂ ಹೋಗಿ ಉಂಡು ಬಂದೆವು. ಆದರೆ ಮಾಲೀಕನ ಅರ್ಜಿ ಇರಲಿಲ್ಲವೆಂದು ಆ ಮನೆ ನನ್ನ ಲೆಕ್ಕಕ್ಕೆ ಬರಲಿಲ್ಲ. ಒಂದು ಸಂಸಾರ ಕೂಡಿಬಂತು, ನಾನು ಮಾತ್ರ ಅದೇ ಮೆಟ್ಟಿಲಲ್ಲಿ ಉಳಿದೆ.

ಸವಣೂರಿನ ಎರಡು ಕುರ್ಚಿ

ಹೀಗೆ ಬಿದ್ದು ಎದ್ದು ನಲವತ್ತೊಂಬತ್ತು ಮನೆ ಆದವು. ಸಹಿಯ ಹಕ್ಕಿಗೆ ನಾನು ಅರ್ಜಿ ಹಾಕಲು ಶನಿವಾರ ಕೊನೆಯ ದಿನ. ಗುರುವಾರವಾದರೂ ಯಾವ ಬ್ಯಾಂಕಿನಿಂದಲೂ ಕೆಲಸ ಬರಲಿಲ್ಲ. ಸವಣೂರಿನ ಸಾಹೇಬರ ಮನೆಗೇ ಹೋದೆ.

"ನಲವತ್ತೊಂಬತ್ತು ಆಗ್ಯಾವ್ರಿ. ಒಂದಕ್ಕ ಯಾಕ ಹಿಡೀತೀರಿ?"

"ಐವತ್ತಂದ್ರ ಐವತ್ತವಾ."

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. "ಹಂಗಾರ ಈ ಮನೀನ ಅಳೀತೇನ್ರಿ" ಅಂದುಬಿಟ್ಟೆ.

ಸಾಹೇಬರು ಕೆಂಪು ಪುಸ್ತಕ ತೆಗೆದು ಎರಡು ಸಲ ಓದಿದರು. "ನನ್ನ ಮನಿಗೆ ನಾನ ಬೆಲಿ ಕಟ್ಟಿ ಬ್ಯಾಂಕಿಗೆ ಕೊಡೂಹಂಗಿಲ್ಲ. ನಿನ್ನ ಕಲಿಕೆಗೆ ಅಂದ್ರ ಅಡ್ಡಿ ಕಾಣೂದಿಲ್ಲ" ಎಂದರು. ಕೂಡಲೇ ಮಾಲೀಕನಾಗಿ ‘ಮಾನ್ಯರೆ’ ಎಂದು ತಮಗೇ ಅರ್ಜಿ ಬರೆದುಕೊಂಡು, ಮೇಲ್ವಿಚಾರಕನಾಗಿ ಸ್ವೀಕರಿಸಿದರು. ಆಮೇಲೆ ಯೋಚನೆ ಹತ್ತಿತು. ಬಲಗಾಲು ಹೊಸ್ತಿಲು ದಾಟಬೇಕು, ಅವರು ಒಳಗೇ ಇದ್ದರು. ಬೂಟು ಹಾಕಿಕೊಂಡು, ಕೊಡೆ ಹಿಡಿದು, ನನ್ನನ್ನೂ ಕರೆದುಕೊಂಡು ಹೊರಗೆ ಹೋಗಿ ಬಾಗಿಲು ಬಡಿದರು.

ಅವರ ಮನೆಯವರು ಬಾಗಿಲು ತೆರೆದರು. ಮೂವತ್ತು ವರ್ಷ ಈ ಮನುಷ್ಯನ ಜೊತೆ ಬಾಳಿದ ಹೆಣ್ಣುಮಗಳು. "ಯಾರು ಬೇಕಾಗಿತ್ತು?"

"ಮನಿ ಅಳೀಲಿಕ್ಕೆ ಬಂದೀವಿ."

"ಮಾಲೀಕರು ಮನ್ಯಾಗಿಲ್ಲ, ಈಗಷ್ಟ ಹೊರಗ ಹೋದ್ರು. ಅವರಿಲ್ಲದ ಅಳೀಬಾರದಂತ ನಿಮ್ಮ ರೂಲ್ ಅದಂತಲ್ಲ?" ಎಂದು ಬಾಗಿಲು ಮುಚ್ಚಿದರು.

ಸಾಹೇಬರು ಮುಚ್ಚಿದ ಬಾಗಿಲಿಗೇ, "ಖರೇ ಅದ" ಎಂದರು. ಸಿಟ್ಟಾಗಲಿಲ್ಲ, ನಿಯಮ ಪಾಲಿಸಿದ್ದಕ್ಕೆ ಸಂತೋಷವೇ ಆಗಿತ್ತು. ಮನೆ ಸುತ್ತುಹಾಕಿ ಹಿತ್ತಲ ಬಾಗಿಲಿನಿಂದ ಮಾಲೀಕನಾಗಿ ಒಳಗೆ ಹೋದರು. ಮತ್ತೆ ಸುತ್ತಿ ಬಂದು ಮುಂದಿನ ಬಾಗಿಲಿನಿಂದ ಬಲಗಾಲಿಟ್ಟು ಮೇಲ್ವಿಚಾರಕನಾಗಿ ಬಂದರು. ಗೊಂದಲ ಬೇಡವೆಂದು ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿಸಿದರು. ಕಿಟಕಿಯ ಹತ್ತಿರದ್ದು ಮಾಲೀಕನದು, ಮೇಜಿನ ಹತ್ತಿರದ್ದು ಮೇಲ್ವಿಚಾರಕನದು.

ಕೋಣೆಕೋಣೆಯಲ್ಲೂ ಅವರನ್ನು ನಿಲ್ಲಿಸಿ ಫೋಟೊ ತೆಗೆದು, ಅಳೆದೆ. ಆ ಮನೆ ಸಾಹೇಬರೇ ನಕ್ಷೆ ಹಾಕಿ, ನಿಂತು ಕಟ್ಟಿಸಿದ್ದು. ಎಪ್ಪತ್ತು ಲಕ್ಷದ ಮನೆ ಎಂದು ಊರಿಗೆಲ್ಲ ಹೇಳುತ್ತಿದ್ದರು. ಟೇಪು ಬೇರೆ ಹೇಳಿತು. ಒಂದು ಕೋಣೆಗೆ ದೇವರ ಮನೆ ದಾಟದೆ ಹೋಗುವಂತಿರಲಿಲ್ಲ. ಹಿಂದಿನ ಗೋಡೆ ಮೂರು ಇಂಚು ವಾಲಿತ್ತು. ಮಾಳಿಗೆಯ ಮೆಟ್ಟಿಲು ಹತ್ತಿದವರ ತಲೆ ನೇರವಾಗಿ ತೊಲೆಗೆ ಬಡಿಯುತ್ತಿತ್ತು, ನನಗೂ ಬಡಿಯಿತು. ಎಲ್ಲ ಕೂಡಿಸಿದರೆ ನಲವತ್ತಾರು ಲಕ್ಷ.

ಪೆನ್ನು ಹಿಡಿದೆ. ಎಪ್ಪತ್ತು ಎಂದು ಬರೆದರೆ ನಗುತ್ತ ಸಹಿ ಹಾಕುತ್ತಾರೆ, ಶನಿವಾರದ ಚಿಂತೆ ತಪ್ಪುತ್ತದೆ. ಆದರೆ ನನ್ನ ಸಹಿಗೆ ಕಿಮ್ಮತ್ತು ಬೇಕು ಎಂದು ಬಂದವಳು ಮೊದಲ ಹೆಜ್ಜೆಯಲ್ಲೇ ಅದನ್ನು ಕಳೆಯುವುದೇ? ನಲವತ್ತಾರು ಎಂದೇ ಬರೆದು ಮೇಜಿನ ಕುರ್ಚಿಯ ಮುಂದೆ ಇಟ್ಟೆ.

ಸಾಹೇಬರು ಓದಿದರು. ಕಿವಿಯವರೆಗೆ ಕೆಂಪಾದರು. ಎದ್ದು ಹೋಗಿ ಮೆಟ್ಟಿಲು ಹತ್ತಿ, ತೊಲೆಗೆ ತಲೆ ಬಡಿಸಿಕೊಂಡು, ತಿಕ್ಕಿಕೊಳ್ಳುತ್ತ ವಾಪಸು ಬಂದರು. "ಬರೋಬ್ಬರಿ ಅದ" ಎಂದು ವರದಿಗೆ ಸಹಿ ಹಾಕಿದರು. ಡ್ರಾವರಿನಿಂದ ಅನುಭವದ ಪತ್ರ ತೆಗೆದರು. ಅದರಲ್ಲಿ ನನ್ನ ಹೆಸರು ಯಾವಾಗಲೋ ಬರೆದಿಟ್ಟಿದ್ದರು. ಅದಕ್ಕೂ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ನನಗೆ ಈ ಸಲ ಮೆಣಸಿನಕಾಯಿ ಇಲ್ಲದೆಯೇ ಕಣ್ಣು ತುಂಬಿತು.

ಅವರು ಪೆನ್ನು ಮುಚ್ಚಿ, ಕನ್ನಡಕ ತೆಗೆದಿಟ್ಟು, ಎದ್ದು ಹೋಗಿ ಕಿಟಕಿಯ ಕುರ್ಚಿಯಲ್ಲಿ ಕುಳಿತರು. ಕಾಲ ಮೇಲೆ ಕಾಲು ಹಾಕಿ, ಏನೂ ಅರಿಯದವರಂತೆ ಕೇಳಿದರು, "ಎಷ್ಟು ಬಂತವಾ ನಮ್ಮ ಮನಿ?"

"ಅಂಕಿ ನನ್ನ ಬಾಯಿಂದ ಬರಬಾರದ್ರಿ. ನಮ್ಮ ಸಾಹೇಬ್ರನ್ನ ಕೇಳ್ರಿ" ಅಂದೆ.

ಸಾಹೇಬರು ಗಂಭೀರವಾಗಿ ಮೇಜಿನ ಹತ್ತಿರದ ಖಾಲಿ ಕುರ್ಚಿಯ ಕಡೆ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು ಕೈ ಒರೆಸಿಕೊಳ್ಳುತ್ತ ಹೇಳಿದರು:

"ಅವರು ಈಗಷ್ಟ ಎದ್ದು ಹೋದ್ರಲ್ಲ."